ನೂರ ಎಂಬತ್ತು ಸುತ್ತು

ನನಗೆ ಮರೆವು ಬಂದಿದೆ ಎಂದು ನಮ್ಮ ಲಾಂಡ್ರಿಯ ಹಳಬರ ಈ ಫೋನ್ ಗುಂಪಿನಲ್ಲಿ ಬರೆದವರು ಯಾರು? ಹೆಸರು ಹೇಳುವುದಿಲ್ಲ, ಬರೆದವರಿಗೆ ಗೊತ್ತಿದೆ. ಹೋದ ಸಲ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಆರು ಡ್ರಮ್ಮು ಇದ್ದವು ಎಂದೆ, ಅಲ್ಲ ನಾಲ್ಕು ಎಂದು ತಿದ್ದಲು ಬಂದಿರಿ. ನೀವು ಕೆಲಸಕ್ಕೆ ಸೇರುವ ಹೊತ್ತಿಗೆ ಎರಡನ್ನು ಗುಜರಿಗೆ ಹಾಕಿದ್ದರು, ನೀವು ಕಂಡದ್ದು ನಾಲ್ಕು, ಅದಕ್ಕೆ ನಾನೇನು ಮಾಡಲಿ? ಮೊಣಕಾಲು ಹೋಗಿದೆ, ಹಲ್ಲು ಹೋಗಿದೆ, ತಲೆ ಮಾತ್ರ ಇಟ್ಟ ಜಾಗದಲ್ಲೇ ಇದೆ. ಅನುಮಾನ ಇರುವವರು ಇಲ್ಲಿಗೇ ಫೋನು ಮುಚ್ಚಿ ಎದ್ದು ಹೋಗಿ. ಉಳಿದವರು ಕೇಳಿ. ಮಧ್ಯೆ ಕೆಮ್ಮು ಬಂದರೆ ಸಹಿಸಿಕೊಳ್ಳಿ.

ಆ ಲಾಂಡ್ರಿ ಎಂದರೆ ಆಸ್ಪತ್ರೆಗಳ ಹೊದಿಕೆ, ಹೋಟೆಲುಗಳ ಹಾಸುಬಟ್ಟೆ ಮೂಟೆಗಟ್ಟಲೆ ಬಂದು ಬೀಳುತ್ತಿದ್ದ ಜಾಗ. ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನಿಗೆ ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಅವನದು ಹಾವಿನ ಕಿವಿ. ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದ. ಅದರ ತುದಿಯನ್ನು ತಿರುಗುತ್ತಿರುವ ಡ್ರಮ್ಮಿನ ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುವನು. ಆಮೇಲೆ, ಒಳಗೆ ಒಂದು ಉಕ್ಕಿನ ಗುಂಡು ಚಕ್ಕೆ ಎದ್ದಿದೆ, ಇನ್ನೊಂದು ವಾರ ತಡೆಯುತ್ತದೆ ಎನ್ನುವನು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ, ಅದೇ ಅವನಿಗೆ ಕೇಡಾಯಿತು.

ಯಾಕೆಂದರೆ ಯಾರಾದರೂ ತೊಂದರೆ ಏನೆಂದು ಬಾಯಿಬಿಟ್ಟು ಹೇಳಿದರೆ ಅವನಿಗೆ ಮೈ ಉರಿಯುತ್ತಿತ್ತು. ರೋಲರ್ ಮೇಲೆ ಹಾಸುಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೆಂಗಸು ಒಬ್ಬಳಿದ್ದಳಲ್ಲ, ಇಸ್ತ್ರಿಯಕ್ಕ, ಅವಳು ಒಂದು ದಿನ ಕೂಗಿ ಹೇಳಿದಳು:

"ಮೇಸ್ತ್ರಿ, ಮೂರನೇ ಡ್ರಮ್ಮು ನೀರು ಬಿಡೋವಾಗ ಒಂಥರಾ—"

"ಬಾಯಿ ಮುಚ್ಕೊಳಕ್ಕ. ಡ್ರಮ್ಮೇ ಹೇಳುತ್ತೆ."

"ಡ್ರಮ್ಮಿಗೆ ಬಾಯಿ ಕೊಟ್ಟ ಮೇಲೆ ನಮಗ್ಯಾಕೆ ಕೊಟ್ಟನೋ ದೇವರು."

"ಊಟ ಮಾಡೋಕೆ."

ಎಲ್ಲರೂ ನಕ್ಕರು, ಅವನೂ ನಕ್ಕ. ಆದರೆ ಅವನಿಗೆ ಅದು ತಮಾಷೆಯಾಗಿರಲಿಲ್ಲ. ಹೇಳಿಸಿಕೊಂಡು ರಿಪೇರಿ ಮಾಡುವವನು ಮೇಸ್ತ್ರಿಯೇ ಅಲ್ಲ ಎಂದು ನಂಬಿದ್ದ.

ಮನೆಯಲ್ಲೂ ಅದೇ ಕಾನೂನು. ಮದುವೆಯಾದ ಹೊಸದರಲ್ಲಿ ಹೆಂಡತಿ ಒಂದು ದಿನ, "ರೀ, ಹಲ್ಲು ನೋಯ್ತಿದೆ," ಎಂದಳು. "ಗೊತ್ತು ಬಿಡು. ನಾಲ್ಕು ದಿನದಿಂದ ನೀನು ಎಡಗಡೆ ಅಗೀತಿಲ್ಲ. ಸಾಯಂಕಾಲಕ್ಕೆ ಡಾಕ್ಟರಿಗೆ ಹೇಳಿದ್ದೀನಿ," ಎಂದ. ಆ ಹುಡುಗಿ ಕರಗಿ ನೀರಾದಳು. ತಂಗಿಯ ಹತ್ತಿರ, ಅತ್ತಿಗೆಯ ಹತ್ತಿರ, ಬೀದಿಯವರ ಹತ್ತಿರ ಹೇಳಿಕೊಂಡು ಬಂದಳು: ನಮ್ಮನೆಯವರಿಗೆ ನಾನು ಹೇಳಬೇಕಾಗೇ ಇಲ್ಲ. ಅಂದಿನಿಂದ ಹೇಳುವುದನ್ನೇ ಬಿಟ್ಟಳು. ಏನಾದರೂ ಕೇಳಿದರೆ "ಏನಿಲ್ಲ" ಎನ್ನುವಳು, ಅವನು ಕಂಡುಹಿಡಿಯುವನು, ಅವಳು ಸಿಕ್ಕಿಬಿದ್ದವಳ ಹಾಗೆ ನಗುವಳು. ಮೂವತ್ತನಾಲ್ಕು ವರ್ಷ ಅವರ ಸಂಸಾರ ನಡೆದದ್ದು ಹೀಗೆ. ಪ್ರೀತಿಯಲ್ಲವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಈಗ ಕಾಫಿಯ ವಿಷಯ. ಅವರ ಮನೆಯಲ್ಲಿ ಬೆಳಗ್ಗೆ ಐದೂವರೆಗೆ ಅವಳು ಏಳುವಳು. ಅಡುಗೆಮನೆಯ ನೆಲದ ಮೇಲೆ ಗಿಡ್ಡ ಮಣೆ ಹಾಕಿ ಕೂತು, ಮರದ ಡಬ್ಬಿಯ ಕೈಗಿರಣಿಯನ್ನು ಮೊಣಕಾಲುಗಳ ನಡುವೆ ಇರುಕಿಸಿ, ಎರಡು ಹಿಡಿ ಹುರಿದ ಬೀಜ ಹಾಕಿ ಬೀಸುವಳು. ಪುಡಿಯನ್ನು ಬಟ್ಟೆಯ ಚೀಲಕ್ಕೆ ಸುರಿದು, ಮೇಲೆ ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ಯುವಳು. ಕೆಳಗಿನ ಪಾತ್ರೆಗೆ ಅದು ತೊಟ್ಟು ತೊಟ್ಟಾಗಿ ಇಳಿಯಬೇಕು. ಅವನು ಆಚೆ ಕೋಣೆಯಲ್ಲಿ ಕಣ್ಣು ಮುಚ್ಚಿಕೊಂಡೇ ಮಲಗಿರುವನು. ಆ ಹೊತ್ತಿನಲ್ಲಿ ಅಡುಗೆಮನೆಗೆ ಹೋಗಲು ಅವನಿಗೆ ಅಪ್ಪಣೆ ಇಲ್ಲ. ಒಮ್ಮೆ ಗ್ರೀಸಿನ ಕೈಯಲ್ಲಿ ಸೋಸುವ ಬಟ್ಟೆ ಮುಟ್ಟಿ ಬೈಸಿಕೊಂಡಿದ್ದ. ಅದಕ್ಕೇ ಮಲಗಿದಲ್ಲೇ ಕೇಳುವನು. ಗಿರಣಿ ಒಟ್ಟು ನೂರ ಎಂಬತ್ತು ಸುತ್ತು. ಎಣಿಸಬೇಕೆಂದು ಎಣಿಸಿದ್ದಲ್ಲ, ಗಡಿಯಾರದ ಗಂಟೆ ತಾನೇ ಕಿವಿಗೆ ಬೀಳುವಂತೆ ಬೀಳುತ್ತಿತ್ತು. ಅವಳಿಗೆ ಸಿಟ್ಟು ಬಂದ ದಿನ ಮೊದಲ ಐವತ್ತು ಜೋರು. ಮಗಳ ಹೆರಿಗೆಯ ದಿನ ಮಧ್ಯೆ ಮಧ್ಯೆ ಓಟ. ಅವಳ ಒಳಗೆ ಏನಿದೆ ಎಂದು ಆ ಹಿಡಿಯ ಸದ್ದು ಹೇಳಿದಷ್ಟು ಅವಳ ನಾಲಿಗೆ ಯಾವತ್ತೂ ಹೇಳಿರಲಿಲ್ಲ.

ಒಂದು ಗುರುವಾರ ನೂರ ಹದಿನಾಲ್ಕನೇ ಸುತ್ತಿಗೆ ಗಿರಣಿ ನಿಂತಿತು.

ನಾನು ಗುಟ್ಟು ಮಾಡಿ ನಿಮ್ಮನ್ನು ಆಟವಾಡಿಸುವವನಲ್ಲ, ಈಗಲೇ ಹೇಳುತ್ತೇನೆ. ಅವಳ ಎದೆ ಕೆಡುತ್ತಿತ್ತು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿತ್ತು. ಆ ಗುರುವಾರ ಯಾರಾದರೂ ಅವಳನ್ನು ಕರೆದುಕೊಂಡು ಹೋಗಿದ್ದರೆ ಅವಳು ಉಳಿಯುತ್ತಿದ್ದಳು. ಅದು ಗೊತ್ತಿದ್ದದ್ದು ಅವಳ ಕೈಗೆ. ಕೈ ಹೇಳಿದ್ದು ಅವನ ಕಿವಿಗೆ.

ಅವನು ಮಲಗಿದಲ್ಲೇ ಹುಬ್ಬು ಗಂಟಿಕ್ಕಿದ. ಹತ್ತು ಎಣಿಸುವಷ್ಟು ಹೊತ್ತಾದ ಮೇಲೆ ಗಿರಣಿ ಮತ್ತೆ ಹೊರಟಿತು, ಆದರೆ ಎಳೆದುಕೊಂಡು. ಮಾರನೆಯ ದಿನ ನೂರಕ್ಕೇ ನಿಂತಿತು, ಇನ್ನೂ ಹೆಚ್ಚು ಹೊತ್ತು ನಿಂತಿತು. ಶನಿವಾರ ಎರಡು ಸಲ. ಮೇಸ್ತ್ರಿ ಏನು ಮಾಡಿದ? ಮೇಸ್ತ್ರಿ ಮಾಡುವುದನ್ನೇ ಮಾಡಿದ. ಭಾನುವಾರ ಹಳೇ ಪೇಪರು ಹಾಸಿ, ಕೈಗಿರಣಿಯನ್ನು ಪೂರ್ತಿ ಬಿಚ್ಚಿ ಹರಡಿಕೊಂಡು ಕೂತ.

ಅವಳು ಬಾಗಿಲಿಗೆ ಒರಗಿ ನಿಂತು ನೋಡಿದಳು.

"ಏನ್ರೀ ಮಾಡ್ತಿದ್ದೀರಿ?"

"ಇದು ಹಿಡ್ಕೊಳ್ತಾ ಇದೆ. ನಿಂಗೆ ಬೀಸೋಕೆ ಭಾರ ಆಗ್ತಿಲ್ವಾ?"

"ಆಗ್ತಿದೆ."

"ಮತ್ತೆ? ನಂಗೆ ಕೇಳಿಸಲ್ಲ ಅಂದ್ಕೊಂಡ್ಯಾ?"

"ಕೇಳಿಸುತ್ತೆ ಅಂತ ಗೊತ್ತಿತ್ತು," ಎಂದಳು ಅವಳು. ಹರಡಿದ್ದ ತುಂಡುಗಳ ಮೇಲೆ ಕಣ್ಣಾಡಿಸಿ, "ಏನು ಸಿಕ್ತು?" ಎಂದಳು.

"ಕಡ್ಡಿ ಕೂರೋ ಬುಷ್ ಒಂಚೂರು ಸವೆದಿದೆ. ಬೀಜ ಅರೆಯೋ ಹಲ್ಲು ಮೊಂಡಾಗಿದೆ."

"ಅಷ್ಟೇನಾ?"

"ಅಷ್ಟೇ. ಇನ್ನೇನಿರುತ್ತೆ?"

"ಏನಿಲ್ಲ," ಎಂದು ಅವಳು ಒಳಗೆ ಹೋದಳು.

ಅವತ್ತೇ ಲಾಂಡ್ರಿಗೆ ಹೋಗಿ ಹಿತ್ತಾಳೆ ಕಡೆದು ಹೊಸ ಬುಷ್ ಹಾಕಿದ. ಹಲ್ಲು ಮಸೆದ. ತಾನೇ ಕೂತು ತಿರುಗಿಸಿ ನೋಡಿದ, ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಹೋಗುತ್ತಿತ್ತು. ಸೋಮವಾರ ಬೆಳಗ್ಗೆ ಅವಳ ಕೈಯಲ್ಲಿ ಅದು ತೊಂಬತ್ತಕ್ಕೆ ನಿಂತಿತು. ಮತ್ತೆ ಬಿಚ್ಚಿದ. ಹಿಡಿಯನ್ನು ಎರಡು ಬೆರಳು ಉದ್ದ ಮಾಡಿದ. ಬೀಜ ಜಾಸ್ತಿ ಹುರಿದಿದ್ದಾರೆಯೇ, ಕಮ್ಮಿ ಹುರಿದಿದ್ದಾರೆಯೇ ಎಂದು ಅಂಗಡಿ ಬದಲಾಯಿಸಿದ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಅದು ಸಣ್ಣ ಮಾತು. ಇಲ್ಲಿ ದೀಪ ಹಿಡಿದುಕೊಂಡೇ ಮನುಷ್ಯ ಕತ್ತಲೆ ಹುಡುಕಿಕೊಂಡು ಹೋದ. ಎರಡು ತಿಂಗಳು ಹೀಗೇ ಹೋಯಿತು. ಯಂತ್ರ ಸದ್ದು ಮಾಡಿದರೆ ತಪ್ಪು ಯಂತ್ರದ್ದು. ಅದನ್ನು ತಿರುಗಿಸುವ ಕೈ ಇದೆ ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ. ಲಾಂಡ್ರಿಯ ಡ್ರಮ್ಮುಗಳನ್ನು ಯಾರು ಕೈಯಲ್ಲಿ ತಿರುಗಿಸುತ್ತಾರೆ ಹೇಳಿ.

ಆಗ ಮಗಳು ಬಂದಳು. ಒಬ್ಬಳೇ ಮಗಳು, ಬೇರೆ ಊರಲ್ಲಿ ಶಾಲೆಯ ಟೀಚರ್. ಅಮ್ಮ ಮಣೆಯಿಂದ ಏಳುವಾಗ ಗೋಡೆ ಹಿಡಿದುಕೊಂಡದ್ದನ್ನು ಕಂಡು ಅಪ್ಪನ ಮೇಲೆ ರೇಗಿದಳು.

"ಅಪ್ಪ, ಯಾವ ಕಾಲದಲ್ಲಿದ್ದೀರಿ ನೀವು? ಅಮ್ಮಂಗೆ ವಯಸ್ಸಾಯ್ತು. ಪಾಡ್ ಹಾಕೋ ಕಾಫಿ ಮಿಷನ್ ಬಂದಿದೆ, ಗುಂಡಿ ಒತ್ತಿದ್ರೆ ಮುಗೀತು. ನಾವು ಅದನ್ನೇ ತಗೊಂಡಿರೋದು."

"ನಂಗೇನಾಗಿದೆ ಈಗ?" ಎಂದಳು ಅಮ್ಮ. "ಕೈಯಲ್ಲಿ ಬೀಸೋದೇ ಇರ್ಲಿ."

ಮೂವರೂ ಅಂಗಡಿಗೆ ಹೋದರು. ಮಾರುವವಳು ಹೆಬ್ಬೆರಳ ಗಾತ್ರದ ಒಂದು ಪಾಡನ್ನು ತೋರಿಸಿದಳು. ಅಲ್ಯೂಮಿನಿಯಂ ಬಟ್ಟಲು, ಮೇಲೆ ಹಾಳೆ ಅಂಟಿಸಿ ಮುಚ್ಚಿದ್ದು, ಒಳಗೆ ಒಂದು ಲೋಟಕ್ಕಾಗುವ ಪುಡಿ. ಮಿಷನ್ನಿನ ಬಾಯಿಗೆ ಅದನ್ನು ಹಾಕಿ ಮುಚ್ಚಳ ಒತ್ತಿದಳು.

"ನೋಡಿ ಅಮ್ಮ, ನೀವು ಏನೂ ಮಾಡೋ ಹಾಗೇ ಇಲ್ಲ."

"ಹಾಗಾದ್ರೆ ಬೆಳಗ್ಗೆ ನಾನು ಯಾಕೆ ಏಳ್ಬೇಕು?"

"ಆರಾಮಾಗಿ ಮಲ್ಕೊಳ್ಳಿ."

"ಮಲ್ಕೊಳ್ಳೋದು ಇದ್ದೇ ಇದೆಯಲ್ಲಮ್ಮ ಮುಂದೆ."

ಮಾರುವವಳು ನಕ್ಕಳು. ಮೇಸ್ತ್ರಿ ಆ ಕಡೆ ಗಮನವಿಲ್ಲದೆ, ಬಗ್ಗಿ ಮಿಷನ್ನಿನ ಬೆನ್ನಿಗೆ ಕಿವಿ ಹಚ್ಚಿದ್ದ. ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು. ಪಂಪು ಚೆನ್ನಾಗಿದೆ, ಎಲ್ಲೂ ತಡೆಯಿಲ್ಲ, ಇಪ್ಪತ್ತೆಂಟು ಸೆಕೆಂಡಿಗೆ ಕೆಲಸ ಮುಗಿಸುತ್ತದೆ ಎಂದು ತೀರ್ಪು ಕೊಟ್ಟ. ಮಗಳು ಕೊಂಡೇಬಿಟ್ಟಳು. ಬೇಡವಾದರೆ ಹದಿನೈದು ದಿನದೊಳಗೆ ವಾಪಸು ಕೊಡಬಹುದು ಎಂದಿದ್ದರು.

ಆ ಹದಿನೈದು ದಿನ ಮನೆಯಲ್ಲಿ ಎರಡೂ ಇದ್ದವು. ಒಂದು ದಿನ ಗಿರಣಿ, ಒಂದು ದಿನ ಮಿಷನ್. ಕೊನೆಯ ದಿನ ಅವಳು ಎರಡೂ ಥರ ಮಾಡಿ ಎರಡು ಲೋಟ ತಂದು ಅವನ ಮುಂದಿಟ್ಟು, ಎದುರು ಕೂತಳು.

"ಈಗ ಹೇಳಿ. ಯಾವುದಿರಲಿ?"

ಅವನು ಎರಡನ್ನೂ ಕುಡಿದ. "ರುಚಿ ಅಂದ್ರೆ ನಿನ್ನದೇ. ಅದರಲ್ಲಿ ಎರಡು ಮಾತಿಲ್ಲ. ಇದು ಬಿಸಿನೀರಿಗೆ ಬಣ್ಣ."

"ಹಾಗಾದ್ರೆ ಮಿಷನ್ ವಾಪಸ್ ಕೊಡೋಣ. ನಾನು ಬೀಸ್ತೀನಿ ರೀ. ನನಗೆ ಬೀಸ್ಬೇಕು."

ಅವಳು ಬೇಕು ಎಂದು ಕೇಳಿದ್ದು ಎಷ್ಟೋ ವರ್ಷದಲ್ಲಿ ಅದೇ ಮೊದಲು. ಅವನು ಲೋಟ ತಿರುಗಿಸುತ್ತ ಕೂತ. ಆಮೇಲೆ ಹೇಳಿದ ಮಾತನ್ನು ಅವನೇ ನನಗೆ ಲಾಂಡ್ರಿಯ ಹೊರಗಿನ ಬೆಂಚಿನ ಮೇಲೆ ಕೂತು ಮೂರು ಸಲ ಹೇಳಿದ್ದಾನೆ, ಅದಕ್ಕೇ ಒಂದಕ್ಷರ ತಪ್ಪಿಲ್ಲದೆ ಹೇಳುತ್ತೇನೆ.

"ಬೇಡ ಕಣೆ. ಆ ಗಿರಣಿ ಸತ್ತುಹೋಗಿದೆ. ಬೆಳಗ್ಗೆದ್ದು ಆ ಸದ್ದು ಕೇಳೋಕೆ ನನ್ನ ಕೈಲಿ ಆಗ್ತಿಲ್ಲ."

ಅವಳು ಅವನ ಮುಖವನ್ನು ನೋಡಿದಳು. "ಆಯ್ತು," ಎಂದಳು. ಎರಡೂ ಲೋಟ ತೆಗೆದುಕೊಂಡು ಎದ್ದಳು.

ಅಂದಿನಿಂದ ಮೇಸ್ತ್ರಿಗೆ ಸುಖವೋ ಸುಖ. ಬೆಳಗ್ಗೆ ಗುರ್ ಎಂದು ಇಪ್ಪತ್ತೆಂಟು ಸೆಕೆಂಡು. ಸೋಮವಾರವೂ ಅಷ್ಟೇ, ಶನಿವಾರವೂ ಅಷ್ಟೇ. ಒಂದು ತಡೆಯಿಲ್ಲ, ಎಳೆತವಿಲ್ಲ. ಎರಡು ತಿಂಗಳಿಂದ ಹುಬ್ಬಿನ ನಡುವೆ ಕೂತಿದ್ದ ಗಂಟು ಬಿಚ್ಚಿತು. ಲಾಂಡ್ರಿಯಲ್ಲಿ ಕಂಡಕಂಡವರಿಗೆ ಹೇಳಿದ: ನೋಡಿ, ಹೆಂಡತಿಗೆ ಮಿಷನ್ ತಂದುಕೊಟ್ಟಿದ್ದೀನಿ, ಈಗ ಅವಳಿಗೆ ಯಾವ ತ್ರಾಸೂ ಇಲ್ಲ. ಇಸ್ತ್ರಿಯಕ್ಕ ಮನೆಗೆ ಹೋಗಿ, ನನಗೂ ಒಂದು ಬೇಕೆಂದು ಗಂಡನ ಜೊತೆ ಜಗಳ ತೆಗೆದಳು. ಆರು ತಿಂಗಳು ಆ ಮಿಷನ್ ಒಂದು ದಿನವೂ ಕೆಟ್ಟ ಸುದ್ದಿ ಹೇಳಲಿಲ್ಲ.

ಒಂದು ಬೆಳಗ್ಗೆ ಮಿಷನ್ ಗುರ್ ಎಂದು ನಿಂತಿತು, ಅವನಿದ್ದಲ್ಲಿಗೆ ಕಾಫಿ ಬರಲಿಲ್ಲ. ಅವಳ ಹೆಜ್ಜೆ ಕೇಳಲಿಲ್ಲ. ಅವನು ಎದ್ದು ಹೋದ. ಅವಳು ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ತುಟಿ ನೀಲಿಯಾಗಿತ್ತು. ಕಾಲು ಬಾತು ಗೆಜ್ಜೆ ಕಟ್ಟುವ ಜಾಗವೇ ಕಾಣುತ್ತಿರಲಿಲ್ಲ. ಅಷ್ಟು ಬಾತ ಕಾಲನ್ನು ಅವನು ನೋಡಿದ್ದು ಅದೇ ಮೊದಲು. ಸೀರೆಯ ಅಂಚಿನ ಕೆಳಗೆ ನೋಡಲು ಅವನಿಗೆ ಯಾವತ್ತೂ ಕಾರಣ ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಟೆತಾಸ್ಕೋಪ್ ಅವಳ ಎದೆಗಿಟ್ಟು ಕಣ್ಣು ಮುಚ್ಚಿದಳು. ಹಾಗೆ ಕಣ್ಣು ಮುಚ್ಚುವುದು ಯಾಕೆಂದು ಆ ಕೋಣೆಯಲ್ಲಿ ಅವನೊಬ್ಬನಿಗೆ ಗೊತ್ತಿತ್ತು.

"ಡಾಕ್ಟ್ರೇ, ನಾನೊಂದ್ಸಲ ಕೇಳ್ಲಾ?" ಎಂದ.

ಆಕೆ ಏನೆಂದುಕೊಂಡಳೋ, ಕೊಟ್ಟಳು. ಅವನು ಕೇಳಿದ. ಒಂದು ಬಡಿತ, ಹಿಂದೆಯೇ ಸ್ಸ್ ಎಂದು ಸೋರಿಕೆ. ಲಬ್ ಸ್ಸ್, ಲಬ್ ಸ್ಸ್. ಸವೆದ ವಾಲ್ವು. ಕೆಲಸಕ್ಕೆ ಬಂದ ಮೊದಲ ವಾರದವನೂ ಹೇಳಿಬಿಡಬಹುದಾದ ಸದ್ದು. ಕಿವಿಯಿಂದ ತೆಗೆದು ಮೆಲ್ಲಗೆ ವಾಪಸು ಕೊಟ್ಟ.

"ಉಸಿರು ಕಟ್ಟೋದು ಯಾವಾಗಿಂದ?" ಎಂದು ಡಾಕ್ಟರಮ್ಮ ಕೇಳಿದಳು.

"ಏನಿಲ್ಲ, ಇತ್ತೀಚೆಗೆ," ಎಂದಳು ಅವಳು.

"ಎಂಟು ತಿಂಗಳು," ಎಂದ ಅವನು. "ಒಂದು ಗುರುವಾರದಿಂದ."

ಡಾಕ್ಟರಮ್ಮ ಅವನನ್ನೇ ನೋಡಿದಳು. ಆಮೇಲೆ ಹೊರಗೆ ಕರೆದು ಹೇಳಿದಳು: ಆಗಲೇ ಬಂದಿದ್ದರೆ ಕವಾಟ ಬದಲಾಯಿಸಬಹುದಿತ್ತು, ಈಗ ಆ ಮೈ ಆಪರೇಷನ್ ತಡೆಯುವುದಿಲ್ಲ, ಮನೆಗೆ ಕರಕೊಂಡು ಹೋಗಿ. ಅಷ್ಟು ಖಚಿತವಾಗಿ ದಿನ ಗೊತ್ತಿದ್ದವರು ಯಾಕೆ ಸುಮ್ಮನಿದ್ದಿರಿ ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಎಂದು ಅವನು ಹೇಳುತ್ತಿದ್ದ.

ಮನೆಯಲ್ಲಿ ಮೂರು ದಿಂಬು ಒತ್ತುಕೊಟ್ಟು ಅವಳನ್ನು ಕೂರಿಸಿದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ, ಮಗಳು ಔಷಧಿಗೆ ಹೋಗಿದ್ದಾಗ, ಅವಳೇ ಮಾತು ತೆಗೆದಳು.

"ರೀ, ಆ ಗುರುವಾರ ನಾನು ಬೀಸ್ತಾ ಬೀಸ್ತಾ ನಿಂತ್ನಲ್ಲ. ಕೇಳಿಸ್ತಾ?"

"ಕೇಳಿಸ್ತು."

"ಎಷ್ಟನೇ ಸುತ್ತಿಗೆ?"

"ನೂರ ಹದಿನಾಲ್ಕು."

ಅವಳು ನಕ್ಕಳು. ಹಳೇ ನಗೆ, ಸಿಕ್ಕಿಬಿದ್ದವಳ ನಗೆ. "ಗೊತ್ತಿತ್ತು ನಂಗೆ. ಮಾರನೇ ದಿನ ಬೇಕಂತ್ಲೇ ಜಾಸ್ತಿ ಹೊತ್ತು ನಿಂತೆ. ಇವತ್ತು ಎದ್ದು ಬರ್ತಾರೆ, ಗ್ರೀಸ್ ಕೈ ಆದ್ರೂ ಸರಿ ಒಳಗೆ ಬರ್ಲಿ, ಬೈಯಲ್ಲ ಅಂದ್ಕೊಂಡೆ. ನೀವು ಭಾನುವಾರ ಗಿರಣಿ ಬಿಚ್ಚಿದ್ರಿ."

"ಬಾಯಿಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತೇನೆ?"

ಅವಳು ಉತ್ತರಕ್ಕೆ ಮೊದಲು ಉಸಿರು ಕೂಡಿಸಿಕೊಳ್ಳಬೇಕಾಯಿತು. "ಹೇಳಿದ್ಮೇಲೆ ತಿಳ್ಕೊಳ್ಳೋ ಗಂಡ ಎಲ್ಲರಿಗೂ ಇರ್ತಾನೆ. ನಂಗೆ ಬೇರೆ ಥರದವ್ರು ಸಿಕ್ಕಿದ್ದಾರೆ ಅಂತ ಮೂವತ್ತನಾಲ್ಕು ವರ್ಷ ಹೇಳ್ಕೊಂಡು ಓಡಾಡಿದ್ದೀನಿ. ಕೊನೇಲಿ ಹೋಗಿ ಹೇಳೋದಾ ಅನ್ನಿಸ್ತು. ನಂದೂ ಕೊಬ್ಬು ಅನ್ನಿ."

ಅವನು ಜಾರಿದ ದಿಂಬನ್ನು ಮತ್ತೆ ಅವಳ ಬೆನ್ನಿಗೆ ಒತ್ತುಕೊಟ್ಟ.

"ಮಿಷನ್ ಬಂದ್ಮೇಲೆ ಸುಲಭ ಆಯ್ತು ಬಿಡಿ," ಎಂದಳು, ಅವನನ್ನು ಸಮಾಧಾನ ಮಾಡುವವಳಂತೆ. "ಗುಂಡಿ ಒತ್ತಿ ನೆಲದ ಮೇಲೆ ಕೂತ್ಕೊಂಡ್ಬಿಡ್ತಿದ್ದೆ. ಅದು ಗುರ್ ಅನ್ನೋವಾಗ ನಾನು ಎಷ್ಟು ಏದುಸಿರು ಬಿಟ್ರೂ ನಿಮಗೆ ಕೇಳಿಸ್ತಿರ್ಲಿಲ್ಲ. ಇನ್ನು ಇವ್ರಿಗೆ ಕೇಳೋದು ಬೇಡವಾಗಿದೆ ಅಂದ್ಮೇಲೆ ಕೇಳಿಸೋದ್ಯಾಕೆ ಅಂತ."

ಅದಾಗಿ ಒಂದು ವಾರಕ್ಕೆ ಅವಳು ಹೋದಳು. ಬೆಳಗಿನ ಹೊತ್ತು, ಮಗಳು ಕೈ ಹಿಡಿದುಕೊಂಡಿದ್ದಳು, ಅವನು ಕಾಲ ಹತ್ತಿರ ಕೂತಿದ್ದ.

ನೋಡಲು ಬಂದವರು ಬಾಯ್ತುಂಬ ಅವನನ್ನು ಹೊಗಳಿದರು. ಹೆಂಡತಿಯ ಕಷ್ಟ ನೋಡಲಾರದೆ ಮಿಷನ್ ತಂದುಕೊಟ್ಟ ಗಂಡ. ಇಸ್ತ್ರಿಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಪುಣ್ಯವಂತೆ ಮೇಸ್ತ್ರಿ, ಕೈ ನೋಯಿಸಿಕೊಳ್ಳದೆ ಹೋದ್ಲು. ನಮ್ಮನೇವ್ರಿದ್ದಾರೆ, ನನ್ನ ಹೆಣ ಎತ್ತೋವಾಗ್ಲೂ ಕಾಫಿ ಆಯ್ತೇನೆ ಅಂತಾರೆ," ಎಂದಳು. ಅಂಥ ಹೊತ್ತಿನಲ್ಲೂ ಒಂದಿಬ್ಬರು ನಕ್ಕರು. ಅವನು ಒಬ್ಬೊಬ್ಬರ ಹೊಗಳಿಕೆಯನ್ನೂ ನುಂಗಿದ. ಬೆಂಕಿ ನುಂಗಿದ ಹಾಗೆ ಎಂದರೆ ಅತಿಯಾಯಿತು. ಮೀನಿನ ಮುಳ್ಳು ನುಂಗಿದ ಹಾಗೆ, ಯಾವುದೂ ಕೆಳಗಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಮಗಳು ಎರಡು ಲೋಟ ಕಾಫಿ ಹಿಡಿದುಕೊಂಡು ಬಂದು ಅವನ ಪಕ್ಕ ಕೂತಳು. ಅತ್ತು ಅತ್ತು ಮುಖ ಊದಿತ್ತು.

"ನಂಗೆ ಇರೋದು ಒಂದೇ ಸಮಾಧಾನ ಅಪ್ಪ. ಈ ಮಿಷನ್ ವಿಷಯ ನಾನು ಹಟ ಹಿಡಿದೆ, ನೀವು ಒಪ್ಕೊಂಡ್ರಿ. ಕೊನೇ ಆರು ತಿಂಗಳಾದ್ರೂ ಅಮ್ಮ ಆರಾಮಾಗಿದ್ಲು."

ಇಷ್ಟಕ್ಕೆ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ಅಷ್ಟು ದಿನದಲ್ಲಿ ಒಂದು ಪಾಠ ಕಲಿತಿದ್ದ: ಬಾಯಿಬಿಟ್ಟು ಹೇಳಬೇಕು, ಮುಚ್ಚಿಡಬಾರದು. ಎಲ್ಲ ಬಿಟ್ಟು ಆ ಪಾಠವನ್ನು ಆ ಹೊತ್ತಿನಲ್ಲಿ ಪ್ರಯೋಗಿಸಿದ. ಗುರುವಾರದಿಂದ ಹಿಡಿದು ಹೇಳಿದ. ನೂರ ಹದಿನಾಲ್ಕು, ನೂರು, ತೊಂಬತ್ತು. ಬುಷ್, ಹಲ್ಲು, ಹಿಡಿ. ನನಗೆ ಬೀಸಬೇಕು ಎಂದು ಅವಳು ಕೇಳಿಕೊಂಡದ್ದು. ಗುಂಡಿ ಒತ್ತಿ ನೆಲದ ಮೇಲೆ ಕೂರುತ್ತಿದ್ದದ್ದು. ಒಂದನ್ನೂ ಬಿಡಲಿಲ್ಲ.

ಮಗಳು ಕೈಯಲ್ಲಿದ್ದ ಲೋಟವನ್ನು ನೆಲಕ್ಕಿಟ್ಟಳು.

"ಅಂದ್ರೆ, ನಾನು ಮಿಷನ್ ತರಿಸದೇ ಇದ್ದಿದ್ರೆ..."

"ನೀನಲ್ಲಮ್ಮ, ನಾನು—"

"ನಾನೇ ಅಲ್ವಾ ತರಿಸಿದ್ದು?" ನೆಲದ ಮೇಲಿದ್ದ ಲೋಟವನ್ನು ಆಚೆ ಸರಿಸಿ ಅವಳು ಕೇಳಿದಳು, "ಇದನ್ನ ನಂಗ್ಯಾಕೆ ಹೇಳಿದ್ರಿ ಅಪ್ಪ?"

"ಇನ್ಯಾರಿಗೆ ಹೇಳ್ಲಿ?"

"ಯಾರಿಗೂ ಬೇಡ. ನಿಮ್ಮ ಹತ್ರಾನೇ ಇಟ್ಕೋಬೇಕಿತ್ತು."

ಎದ್ದು ಲೋಟ ತೊಳೆದಿಟ್ಟಳು. ಇನ್ನೂ ನಾಲ್ಕು ದಿನ ಇರುತ್ತೇನೆ ಎಂದಿದ್ದವಳು ಮಧ್ಯಾಹ್ನದ ಬಸ್ಸಿಗೇ ಹೊರಟಳು. ಈಗ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಊಟ ಆಯ್ತಾ, ಆಯ್ತು. ಮಾತ್ರೆ ತಗೊಂಡ್ರಾ, ತಗೊಂಡೆ. ಹೇಗಿದ್ದೀಯಮ್ಮ ಎಂದು ಅವನು ಕೇಳಿದರೆ "ಏನಿಲ್ಲ, ಚೆನ್ನಾಗಿದ್ದೀನಿ" ಎಂದು ಇಟ್ಟುಬಿಡುತ್ತಾಳೆ. ಆ ದನಿಯಲ್ಲಿ ಏನು ಮುರಿದಿದೆ ಎಂದು ಅವನಿಗೆ ಚೆನ್ನಾಗಿ ಕೇಳಿಸುತ್ತದೆ. ಎದ್ದು ಹೋಗಿ ಅವಳ ಬಾಗಿಲು ತಟ್ಟೋ ಎಂದು ನಾನು ಬೆಂಚಿನ ಮೇಲೆ ಕೂತು ನೂರು ಸಲ ಹೇಳಿದ್ದೇನೆ. ಒಂದು ಸಲ ಹೋಗಿಯೂ ಬಂದ. ಅವಳು ಬಾಗಿಲು ತೆಗೆದಳು, ಬಡಿಸಿದಳು, ಬಸ್ಸಿನ ಹೊತ್ತು ನೆನಪಿಸಿದಳು.

ನನ್ನ ಮಾತು ಇಷ್ಟೇ. ಇದನ್ನು ನಿಮಗೆ ಗೊತ್ತಿರುವವರಿಗೆಲ್ಲ ಕಳಿಸಿ. ಅಡುಗೆಮನೆಯಲ್ಲಿ ಒಬ್ಬಳು ಓಡಾಡುವ ಸದ್ದು ಕೇಳಿಕೊಂಡು ಹಾಸಿಗೆಯಲ್ಲಿ ಬಿದ್ದುಕೊಂಡಿರುವ ಗಂಡಸರಿಗೆ ಮೊದಲು ಕಳಿಸಿ. ಮೇಸ್ತ್ರಿಯ ಮಗಳ ನಂಬರು ನಿಮ್ಮಲ್ಲಿ ಕೆಲವರ ಹತ್ತಿರ ಇದೆ, ನನಗೆ ಗೊತ್ತು. ಅವಳಿಗೆ ಮಾತ್ರ ಕಳಿಸಬೇಡಿ.